ಹೈಟಿಯನ್ ಕ್ರಿಯೋಲ್ ಕುರಿತು ಭಾಷಿಕರ ಮನೋಭಾವ

ಹೈಟಿಯನ್ ಕ್ರಿಯೋಲ್ ಕೆರಿಬಿಯನ್ ಪ್ರದೇಶದ ಹೈಟಿ ದೇಶದ ಬಹುತೇಕ ಎಲ್ಲ ಜನರ ಮಾತೃಭಾಷೆ. ತಮ್ಮ ನುಡಿಯ ಬಗ್ಗೆ ಇದರ ಭಾಷಿಕರಲ್ಲಿ ಆತ್ಮೀಯತೆ ಮತ್ತು ಕೀಳರಿಮೆ ಎರಡೂ ಕಂಡುಬರುವುದು ಸಮಾಜಭಾಷಾವಿಜ್ಞಾನದಲ್ಲಿ ಬಹುಚರ್ಚಿತ ವಿಷಯವಾಗಿದೆ.

ಹಿನ್ನೆಲೆ

ಈ ಭಾಷೆಯು ಫ್ರೆಂಚ್ ವಸಾಹತಿನ ಕಬ್ಬಿನ ತೋಟಗಳಲ್ಲಿ, ಆಫ್ರಿಕಾದಿಂದ ಗುಲಾಮರಾಗಿ ತಂದವರ ಮತ್ತು ಫ್ರೆಂಚರ ಸಂಪರ್ಕದಿಂದ ರೂಪುಗೊಂಡಿತು. 1804ರಲ್ಲಿ ದೇಶ ಸ್ವತಂತ್ರವಾದರೂ ಆಡಳಿತ, ನ್ಯಾಯಾಲಯ ಮತ್ತು ಶಾಲೆಗಳಲ್ಲಿ ಫ್ರೆಂಚ್ ಮುಂದುವರಿಯಿತು. ಒಂದೇ ಸಮಾಜದಲ್ಲಿ ಎರಡು ನುಡಿಗಳು ಉಚ್ಚ ಮತ್ತು ಸಾಮಾನ್ಯ ಬಳಕೆಗಳನ್ನು ಹಂಚಿಕೊಳ್ಳುವ ಈ ಸ್ಥಿತಿಗೆ ಡೈಗ್ಲಾಸಿಯ ಎನ್ನುತ್ತಾರೆ. ಚಾರ್ಲ್ಸ್ ಫರ್ಗ್ಯುಸನ್ 1959ರ ತಮ್ಮ ಪ್ರಬಂಧದಲ್ಲಿ ಇದಕ್ಕೆ ನೀಡಿದ ನಾಲ್ಕು ಉದಾಹರಣೆಗಳಲ್ಲಿ ಹೈಟಿಯೂ ಒಂದು.

ಕೀಳರಿಮೆ ಮತ್ತು ಅಭಿಮಾನ

ಕ್ರಿಯೋಲ್ 'ಕೆಟ್ಟುಹೋದ ಫ್ರೆಂಚ್', ಅದಕ್ಕೆ ವ್ಯಾಕರಣವಿಲ್ಲ ಎಂಬ ನಂಬಿಕೆ ಭಾಷಿಕರಲ್ಲಿಯೂ ಬೇರೂರಿತ್ತು. ವಾಸ್ತವದಲ್ಲಿ ಅದರ ವ್ಯಾಕರಣ ಕ್ರಮಬದ್ಧವಾದುದು. ಫ್ರೆಂಚಿನಲ್ಲಿ ಕ್ರಿಯಾಪದದ ರೂಪ ಬದಲಾಗುವಲ್ಲಿ, ಕ್ರಿಯೋಲ್‌ನಲ್ಲಿ ಕ್ರಿಯಾಪದದ ಮುಂದೆ 'ತೆ' ಸೇರಿದರೆ ಭೂತಕಾಲವೂ 'ಆಪ್' ಸೇರಿದರೆ ನಡೆಯುತ್ತಿರುವ ಕ್ರಿಯೆಯೂ ಸೂಚಿತವಾಗುತ್ತದೆ.

ಇದೇ ಸಮಾಜದಲ್ಲಿ 'ಫ್ರೆಂಚ್ ಮಾತನಾಡುವುದು' ಎಂಬ ನುಡಿಗಟ್ಟಿಗೆ ನಯವಾಗಿ ವಂಚಿಸುವುದು ಎಂಬ ಅರ್ಥವೂ ಇದೆ. ನೇರವಾದ, ಮುಚ್ಚುಮರೆಯಿಲ್ಲದ ಮಾತಿಗೆ ಕ್ರಿಯೋಲ್ ಹೆಸರೇ ಸಲ್ಲುತ್ತದೆ. ಹೀಗೆ ಫ್ರೆಂಚ್ ಪ್ರತಿಷ್ಠೆಯ ನುಡಿಯಾಗಿಯೂ ಕ್ರಿಯೋಲ್ ನಂಬಿಕೆಯ ನುಡಿಯಾಗಿಯೂ ಉಳಿದಿವೆ.

ಶಿಕ್ಷಣ

ಮನೆಯಲ್ಲಿ ಕೇಳದ ಭಾಷೆಯಲ್ಲಿ ಪಾಠ ಕಲಿಯಬೇಕಾದ ಮಕ್ಕಳು ಅರ್ಥವಾಗದ ವಾಕ್ಯಗಳನ್ನು ಬಾಯಿಪಾಠ ಮಾಡುವುದು ವಾಡಿಕೆಯಾಗಿತ್ತು. 1979ರ ಬರ್ನಾರ್ಡ್ ಸುಧಾರಣೆಯು ಪ್ರಾಥಮಿಕ ಹಂತದಲ್ಲಿ ಕ್ರಿಯೋಲ್ ಮಾಧ್ಯಮಕ್ಕೆ ಅವಕಾಶ ನೀಡಿತು. ಇದನ್ನು ಮೇಲ್ವರ್ಗದವರಷ್ಟೇ ಅಲ್ಲದೆ ಅನೇಕ ಬಡ ಪೋಷಕರೂ ವಿರೋಧಿಸಿದರು. ಈ ಪೋಷಕರ ವಿರೋಧಕ್ಕೆ ಮಾತೃಭಾಷೆಯ ಮೇಲಿನ ತಿರಸ್ಕಾರವೊಂದೇ ಕಾರಣವಲ್ಲ. ಉದ್ಯೋಗ ಮತ್ತು ಉನ್ನತ ಶಿಕ್ಷಣಕ್ಕೆ ಫ್ರೆಂಚ್ ಅಗತ್ಯವಾಗಿದ್ದುದರಿಂದ, ತಮ್ಮ ಮಕ್ಕಳು ಅವಕಾಶವಂಚಿತರಾಗುವರೆಂಬ ಆತಂಕ ಅವರಲ್ಲಿತ್ತು.

ಮಾನ್ಯತೆ

ಫೆಲಿಕ್ಸ್ ಮೊರಿಸೋ-ಲೆರ್ವಾ ಗ್ರೀಕ್ ದುರಂತ ನಾಟಕ 'ಆಂಟಿಗೊನೆ'ಯನ್ನು 1953ರಲ್ಲಿ ಕ್ರಿಯೋಲ್‌ಗೆ ರೂಪಾಂತರಿಸಿದರು. ಫ್ರಾಂಕೆಟಿಯೆನ್ ಅವರ 'ದೆಜಾಫಿ' ಕಾದಂಬರಿ 1975ರಲ್ಲಿ ಪ್ರಕಟವಾಯಿತು. ಗಂಭೀರ ಸಾಹಿತ್ಯಕ್ಕೆ ಈ ಭಾಷೆ ಸಾಲದೆಂಬ ವಾದವನ್ನು ಇಂತಹ ಕೃತಿಗಳು ದುರ್ಬಲಗೊಳಿಸಿದವು. 1987ರ ಸಂವಿಧಾನವು ಕ್ರಿಯೋಲ್ ಅನ್ನು ಫ್ರೆಂಚ್ ಜೊತೆಗೆ ಅಧಿಕೃತ ಭಾಷೆಯಾಗಿಸಿ, ಎಲ್ಲ ಹೈಟಿಯನ್ನರನ್ನು ಒಂದುಗೂಡಿಸುವ ನುಡಿ ಎಂದು ಅದನ್ನು ಗುರುತಿಸಿತು. 2014ರಲ್ಲಿ ಕ್ರಿಯೋಲ್ ಅಕಾಡೆಮಿ ಸ್ಥಾಪನೆಯಾಯಿತು. ಪ್ರತಿವರ್ಷ ಅಕ್ಟೋಬರ್ 28ರಂದು ಅಂತರರಾಷ್ಟ್ರೀಯ ಕ್ರಿಯೋಲ್ ದಿನವನ್ನು ಆಚರಿಸಲಾಗುತ್ತದೆ. ಆದರೂ ಲಿಖಿತ ಆಡಳಿತ ವ್ಯವಹಾರದಲ್ಲಿ ಫ್ರೆಂಚ್ ಪ್ರಾಬಲ್ಯ ಮುಂದುವರಿದಿದೆ.