ಹಳೆಯ ರೇಡಿಯೋ ಮತ್ತು ಅದರ ಕಂಡೆನ್ಸರುಗಳು

ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋ ಇಂದಿಗೂ ಅಲ್ಲೊಂದು ಇಲ್ಲೊಂದು ಇರುವುದುಂಟು. ಮರ್ಫಿ, ಬುಷ್, ಫಿಲಿಪ್ಸ್, ಎಚ್.ಎಂ.ವಿ. – ಹೆಸರು ಯಾವುದೂ ಇರಬಹುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಧಾರವಾಡ, ಬೆಂಗಳೂರು ನಿಲಯಗಳ ಕನ್ನಡ ನಮ್ಮ ಚಾವಡಿಗಳಿಗೆ ಬರುತ್ತಿದ್ದುದು ಇಂತಹ ಪೆಟ್ಟಿಗೆಗಳಿಂದಲೇ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾಯಿತು. ಯಕ್ಷಗಾನವೂ ಮನೆಯೊಳಗೆ ಕೇಳಿಸಿತು. ಆಮೇಲೆ ಟ್ರಾನ್ಸಿಸ್ಟರ್ ಬಂತು, ಟಿ.ವಿ. ಬಂತು, ಪೆಟ್ಟಿಗೆ ಅಟ್ಟ ಸೇರಿತು. ಈಗ ಗುಜರಿಯವನು ಬಂದಾಗ "ಅದರ ವಾಲ್ವ್ ಹೋಗಿದೆ, ಇನ್ನು ಸಿಕ್ಕುವುದಿಲ್ಲ" ಎಂದು ತೂಕಕ್ಕೆ ಕೊಟ್ಟುಬಿಡುತ್ತಾರೆ.

ಹೆಚ್ಚಿನ ಸೆಟ್ಟುಗಳಲ್ಲಿ ವಾಲ್ವ್ ಹೋಗಿರುವುದಿಲ್ಲ. ಹೋಗಿರುವುದು ಕೆಲವೇ ರೂಪಾಯಿ ಬೆಲೆಯ ಕಂಡೆನ್ಸರುಗಳು. ಇದನ್ನು ತಿಳಿಯದೆ ಪೆಟ್ಟಿಗೆಯನ್ನು ಕೆಳಗಿಳಿಸಿ, ಧೂಳು ಕೊಡವಿ, "ಹಾಕಿ ನೋಡುವ" ಎಂದು ಪ್ಲಗ್ ಚುಚ್ಚಿದರೆ ನಿಜವಾಗಿಯೂ ಸಿಕ್ಕದ ವಸ್ತುವಾದ ಟ್ರಾನ್ಸ್‌ಫಾರ್ಮರ್ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಬಹುದು.

ಕಂಡೆನ್ಸರ್ ಎಂದರೆ ನಿಮ್ಮ ಭೌತಶಾಸ್ತ್ರ ಪಾಠದ ಧಾರಕ. ರಿಪೇರಿ ಅಂಗಡಿಯಲ್ಲಿ ಧಾರಕ ಕೊಡಿ ಎಂದರೆ ಯಾರಿಗೂ ತಿಳಿಯದು. ಎರಡು ಲೋಹದ ಹಾಳೆಗಳು, ನಡುವೆ ವಿದ್ಯುತ್ತು ಹರಿಯದ ಒಂದು ಪದರ – ಇಷ್ಟೇ ಅದರ ರಚನೆ. 1745ರಲ್ಲಿ ಜರ್ಮನಿಯ ಕ್ಲೈಸ್ಟ್, 1746ರಲ್ಲಿ ಹಾಲೆಂಡಿನ ಲೈಡನ್ ಪಟ್ಟಣದ ಮುಷೆನ್‌ಬ್ರೂಕ್ ಇವರಿಗೆ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತು ಕೂಡಿಟ್ಟುಕೊಳ್ಳುತ್ತದೆಂಬುದು ತಿಳಿದುಬಂತು. ಇಬ್ಬರಿಗೂ ತಿಳಿದದ್ದು ಬಲವಾದ ಪೆಟ್ಟು ತಿಂದೇ.

ರೇಡಿಯೋದಲ್ಲಿ ಇದರ ಮುಖ್ಯ ಕೆಲಸಗಳು ಎರಡು. ಮೊದಲನೆಯದನ್ನು ತಿಳಿಯಲು ಅಡಿಕೆ ತೋಟದ ಏತವನ್ನು ನೆನಪಿಸಿಕೊಳ್ಳಿ. ಏತದಿಂದ ನೀರು ಒಂದೇ ಸಮನೆ ಬರುವುದಿಲ್ಲ. ಒಮ್ಮೆ ಸುರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸುರಿಯುತ್ತದೆ. ಅದನ್ನು ತೊಟ್ಟಿಗೆ ಬಿಟ್ಟು, ತೊಟ್ಟಿಯಿಂದ ಕಣಿಗೆ ಹರಿಸಿದರೆ ಕಣಿಯಲ್ಲಿ ನೀರು ಸಮವಾಗಿ ಹೋಗುತ್ತದೆ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುವಂತಹದು. ರೆಕ್ಟಿಫೈಯರ್ ವಾಲ್ವ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಸಲ ಸುರಿದು ನಿಲ್ಲುವ ಪ್ರವಾಹವಾಗುತ್ತದೆ. ಇಲ್ಲಿ ತೊಟ್ಟಿಯ ಕೆಲಸ ಮಾಡುವುದು ಫಿಲ್ಟರ್ ಕಂಡೆನ್ಸರ್. ತೊಟ್ಟಿ ಚಿಕ್ಕದಾದರೆ ಆ ನೂರು ಪೆಟ್ಟುಗಳೂ ಸ್ಪೀಕರಿನಲ್ಲಿ 'ಗುಂಯ್' ಎಂದು ಕೇಳಿಸುತ್ತವೆ.

ಎರಡನೆಯದು ಬೇಲಿಯ ತಡಮೆಯಂತೆ. ತಡಮೆ ಮನುಷ್ಯರನ್ನು ದಾಟಿಸುತ್ತದೆ, ದನಗಳನ್ನು ತಡೆಯುತ್ತದೆ. ಮೊದಲ ವಾಲ್ವಿನಿಂದ ಕೊನೆಯ ವಾಲ್ವಿಗೆ ಧ್ವನಿಯನ್ನು ಮಾತ್ರ ಬಿಟ್ಟು, ಹಿಂದಿರುವ ಹೆಚ್ಚು ವೋಲ್ಟೇಜನ್ನು ತಡೆಯುವುದು ಕಪ್ಲಿಂಗ್ ಕಂಡೆನ್ಸರಿನ ಕೆಲಸ. ಈ ತಡಮೆ ಮುರಿದರೆ ಕೊನೆಯ ವಾಲ್ವ್ ಮಿತಿಮೀರಿ ಕರೆಂಟು ಎಳೆದು, ಒಳಗಿನ ತಗಡು ಕೆಂಡದಂತೆ ಕೆಂಪಾಗುತ್ತದೆ.

ಇವು ಮುದಿಯಾಗುವ ಬಗೆ ಬೇರೆ ಬೇರೆ. ಫಿಲ್ಟರ್ ಕಂಡೆನ್ಸರಿನಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರ, ಜೊತೆಗೆ ರಾಸಾಯನಿಕ ದ್ರವದಲ್ಲಿ ತೊಯ್ದ ಕಾಗದ ಇರುತ್ತವೆ. ವರ್ಷಗಳು ಕಳೆದಂತೆ ದ್ರವ ಆರುತ್ತದೆ. ಬಳಸದೆ ಇಟ್ಟರೆ ಆಕ್ಸೈಡ್ ಪದರವೂ ಹಾಳಾಗುತ್ತದೆ. ಅಂದರೆ ಅಟ್ಟದಲ್ಲಿ ಜೋಪಾನವಾಗಿ ಇಟ್ಟದ್ದೇ ಅದಕ್ಕೆ ಕೇಡು! ಕಪ್ಲಿಂಗ್ ಕಂಡೆನ್ಸರುಗಳು ಆ ಕಾಲದಲ್ಲಿ ಮೇಣ ಹಾಕಿದ ಕಾಗದದವು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಆ ಕಾಗದ ತೇವ ಹೀರದೆ ಇದ್ದೀತೆ?

ಕನ್ನಡ ಮಾಷ್ಟ್ರಿಗೆ ಈ ಉಸಾಬರಿ ಏಕೆ ಎಂದು ಕೆಲವರು ಕೇಳಿದ್ದಾರೆ. ವಾಲ್ವುಗಳ ಹೆಸರಿಗೂ ಒಂದು ವ್ಯಾಕರಣ ಇದೆಯಲ್ಲ! ಇ.ಎಲ್. 84 ಎಂಬುದನ್ನು ಬಿಡಿಸಿದರೆ, 'ಇ' ಎಂದರೆ ಹೀಟರಿಗೆ 6.3 ವೋಲ್ಟ್, 'ಎಲ್' ಎಂದರೆ ಸ್ಪೀಕರಿಗೆ ಶಕ್ತಿ ಕೊಡುವ ಪೆಂಟೋಡ್, 8 ಎಂದರೆ ಒಂಬತ್ತು ಪಿನ್ನಿನ ಬುಡ. ಇ.ಝಡ್. 80ರ 'ಝಡ್' ರೆಕ್ಟಿಫೈಯರನ್ನು ಸೂಚಿಸುತ್ತದೆ. ಬೀಟಲ್ಸ್ ತಂಡದವರು ಗಿಟಾರಿಗೆ ಬಳಸಿದ ವಾಕ್ಸ್ ಎ.ಸಿ. 30 ಆಂಪ್ಲಿಫೈಯರಿನಲ್ಲಿ ಇದ್ದುದೂ ನಾಲ್ಕು ಇ.ಎಲ್. 84ಗಳೇ. ಅಂತಹ ಗಿಟಾರ್ ಆಂಪ್ಲಿಫೈಯರುಗಳನ್ನು ಈಗಲೂ ಪಾಶ್ಚಾತ್ಯ ದೇಶಗಳಲ್ಲಿ ಕಂಡೆನ್ಸರ್ ಬದಲಿಸಿ ಬದಲಿಸಿ ನುಡಿಸುತ್ತಾರೆ.

ವಾಲ್ವಿನ ಹೆಸರು 'ಯು' ಅಕ್ಷರದಿಂದ ಆರಂಭವಾದರೆ ಮಾತ್ರ ಸೆಟ್ಟನ್ನು ಮುಟ್ಟಬೇಡಿ. ಅಂತಹ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಮೈನ್ಸನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಲೋಹದ ಚಾಸಿಗೇ ಮನೆಯ ಕರೆಂಟು ಬಂದಿರಬಹುದು. ಬೇರೆ ಸೆಟ್ಟುಗಳಾದರೂ ಅನುಭವಿ ಮೆಕ್ಯಾನಿಕರ ಕೆಲಸವೇ. ನೀವು ಪಕ್ಕದಲ್ಲಿ ನಿಂತು ನೋಡಿರಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ 250–300 ವೋಲ್ಟ್ ಉಳಿದಿರಬಹುದು. ಅದು ಜೀವ ತೆಗೆಯಲು ಸಾಕು. ಬಲ್ಲವರು ಇನ್ಸುಲೇಶನ್ ಇರುವ ತಂತಿಗಳಿಗೆ ಹತ್ತು ಕಿಲೋ ಓಮಿನ, ಐದು ವ್ಯಾಟಿನ ರೆಸಿಸ್ಟರ್ ಕಟ್ಟಿ ಅದರ ಮೂಲಕ ಈ ಚಾರ್ಜನ್ನು ಇಳಿಸುತ್ತಾರೆ. ಅನಂತರ ಮೀಟರ್ ಇಟ್ಟು ಸೊನ್ನೆ ತೋರಿಸಿದ ಮೇಲೆಯೇ ಕೈ ಹಾಕುತ್ತಾರೆ.

ಬದಲಿಸುವುದು ಒಂದೊಂದಾಗಿ. ಮೊದಲು ತಂತಿಗಳ ಚಿತ್ರ ಬರೆದಿಟ್ಟುಕೊಳ್ಳಬೇಕು. ಹಳೆಯ 50 ಮೈಕ್ರೋಫ್ಯಾರಡ್, 350 ವೋಲ್ಟಿನದಕ್ಕೆ ಈಗ ಸಿಗುವ 47 ಮೈಕ್ರೋಫ್ಯಾರಡ್, 450 ವೋಲ್ಟಿನದು ಸರಿಹೋಗುತ್ತದೆ. ತೊಟ್ಟಿ ದೊಡ್ಡದಾದಷ್ಟೂ ಒಳ್ಳೆಯದೆಂದು 100 ಹಾಕಬಾರದು, ಇ.ಝಡ್. 80ರ ಬಳಿಯ ಕಂಡೆನ್ಸರಿಗೆ 50ರ ಮಿತಿ ಇದೆ, ಮೀರಿದರೆ ವಾಲ್ವ್ ಬೇಗ ಸಾಯುತ್ತದೆ. ಧನ ಋಣ ಅದಲುಬದಲಾದರೆ ಕಂಡೆನ್ಸರ್ ಸಿಡಿಯುತ್ತದೆ. ಕಾಗದದವುಗಳ ಬದಲಿಗೆ ಅಷ್ಟೇ ಬೆಲೆಯ, 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರುಗಳನ್ನು ಹಾಕುತ್ತಾರೆ. ಮೈಕಾ ಕಂಡೆನ್ಸರುಗಳನ್ನು ಮುಟ್ಟದಿರುವುದೇ ಲೇಸು. ಅವು ಸುಲಭವಾಗಿ ಕೆಡುವುದಿಲ್ಲ, ಕದಲಿಸಿದರೆ ನಿಲಯಗಳ ಸ್ಥಾನ ತಪ್ಪುತ್ತದೆ. ಹಳೆಯ ಅಲ್ಯೂಮಿನಿಯಂ ಡಬ್ಬಿಯನ್ನು ತಂತಿ ಬಿಡಿಸಿ ಚಂದಕ್ಕೆ ಅಲ್ಲೇ ಬಿಡಬಹುದು.

ಬಳಿಕವೂ ನೇರವಾಗಿ ಪ್ಲಗ್ ಹಾಕುವುದಿಲ್ಲ. 60 ವ್ಯಾಟಿನ ಹಳೆಯ ಮಾದರಿಯ ಬಲ್ಬನ್ನು ಸೀರೀಸಿನಲ್ಲಿ ಸೇರಿಸಿ ಕರೆಂಟು ಕೊಡುತ್ತಾರೆ. ಬಲ್ಬು ಒಮ್ಮೆ ಬೆಳಗಿ ಮಂದವಾದರೆ ಸರಿ. ಪೂರ್ತಿ ಬೆಳಗಿಯೇ ನಿಂತರೆ ಕೂಡಲೇ ಪ್ಲಗ್ ಕೀಳಬೇಕು.

ಸೆಟ್ಟು ಮಾತಾಡಿದ ಮೇಲೆ ಕೇಳುವುದೇನನ್ನು? ಇತ್ತೀಚಿನ ವರ್ಷಗಳಲ್ಲಿ ಆಕಾಶವಾಣಿಯ ಅನೇಕ ಮಧ್ಯಮ ತರಂಗಾಂತರ ಪ್ರಸಾರಗಳು ನಿಂತಿವೆ, ಎಫ್.ಎಂ. ಪ್ರಸಾರ ಈ ಹಳೆಯ ಸೆಟ್ಟುಗಳಲ್ಲಿ ಹೆಚ್ಚಿನವಕ್ಕೆ ನಿಲುಕುವುದಿಲ್ಲ. ಆದರೆ ಬಹಳಷ್ಟು ಸೆಟ್ಟುಗಳ ಬೆನ್ನಿನಲ್ಲಿ ಗ್ರಾಮಫೋನ್ ಪಿಕಪ್ಪಿಗೆಂದು ಎರಡು ತೂತುಗಳಿರುತ್ತವೆ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಾದರೆ ಮೆಕ್ಯಾನಿಕರು ಅಲ್ಲಿಗೆ ಮೊಬೈಲಿನ ತಂತಿ ಜೋಡಿಸಿಕೊಡುತ್ತಾರೆ. ಮೊಬೈಲಿನಲ್ಲಿರುವ ತಾಳಮದ್ದಳೆಯನ್ನು ಅದರಲ್ಲಿ ಕೇಳಬಹುದು. ಅರ್ಥಧಾರಿಯ ಸ್ವರಕ್ಕೆ ಒಂದು ಇ.ಎಲ್. 84 ಧಾರಾಳ ಸಾಕು. ಚೆಂಡೆ ಬಂದಾಗ ಮಾತ್ರ ವಾಲ್ಯೂಮ್ ತುಸು ಇಳಿಸಬೇಕಾದೀತು.