ಎರಡು ವಿಮಾನ ನಿಲ್ದಾಣಗಳ ನಡುವೆ ಹಿರಿಯರ ಕೈ ಬಿಡದಿರಿ

ಒಂದು ಕಾಲದಲ್ಲಿ ಹಜ್ಜ್‌ಗೆ ಹೊರಟವರು ಮುಂಬೈ ಬಂದರಿನಲ್ಲಿ ಹಡಗು ಹತ್ತಿ, ದಿನಗಟ್ಟಲೆ ಸಮುದ್ರದ ಮೇಲಿದ್ದು ಜಿದ್ದಾ ತಲುಪುತ್ತಿದ್ದರು. 1995ರ ಬಳಿಕ ಆ ಹಡಗು ಯಾನ ನಿಂತು ಹೋಯಿತು. ಈಗ ಎಲ್ಲವೂ ವಿಮಾನದಲ್ಲಿ. ಉಮ್ರಾಕ್ಕೆ, ಮಗಳ ಹೆರಿಗೆಗೆ, ಗಲ್ಫ್‌ನಲ್ಲಿರುವ ಮಗನ ಮನೆ ನೋಡಲಿಕ್ಕೆಂದು ಎಪ್ಪತ್ತು ದಾಟಿದ ಹಿರಿಯರೂ ಹಾರಾಡುತ್ತಿದ್ದಾರೆ. ಅಲ್ಲಾಹನ ಅನುಗ್ರಹದಿಂದ ದಿನಗಳ ಪಯಣ ಗಂಟೆಗಳಿಗೆ ಇಳಿದಿದೆ.

ಆದರೆ ಈ ಸುಲಭ ಪಯಣದಲ್ಲೂ ಒಂದು ಕಷ್ಟದ ಘಟ್ಟವಿದೆ. ಅದು ಆಕಾಶದಲ್ಲಲ್ಲ, ನೆಲದ ಮೇಲೆ. ಒಂದು ನಿಲ್ದಾಣದಲ್ಲಿ ಇಳಿದು, ಅದೇ ನಗರದ ಇನ್ನೊಂದು ನಿಲ್ದಾಣಕ್ಕೆ ಹೋಗಿ ಮುಂದಿನ ವಿಮಾನ ಹಿಡಿಯಬೇಕಾದಾಗ ಯುವಕರೇ ಕಂಗಾಲಾಗುತ್ತಾರೆ. ಇನ್ನು ಮಂಡಿನೋವಿನ ಉಮ್ಮ, ಕಿವಿ ಮಂದವಾದ ಅಜ್ಜ ಜೊತೆಗಿದ್ದರೆ?

ಟಿಕೆಟಿನಲ್ಲಿರುವ ಮೂರು ಅಕ್ಷರ

ಟಿಕೆಟ್ ಹುಡುಕುವಾಗ ನಾವು ನಗರದ ಹೆಸರು ನೋಡುತ್ತೇವೆ, ದರ ನೋಡುತ್ತೇವೆ. ನಿಲ್ದಾಣ ಯಾವುದೆಂದು ನೋಡುವವರು ಕಡಿಮೆ. ಮುಂಬೈಯನ್ನೇ ತೆಗೆದುಕೊಳ್ಳಿ. ಹಳೆಯ ನಿಲ್ದಾಣದ ಸಂಕೇತ ಬಿಒಎಂ. ಅದರಲ್ಲೇ ಸಾಂತಾಕ್ರೂಝ್ ಕಡೆಯ ಟರ್ಮಿನಲ್ ಒಂದು ಮತ್ತು ಸಹಾರ್ ಕಡೆಯ ಟರ್ಮಿನಲ್ ಎರಡರ ನಡುವೆ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ದಾರಿ. ಈಗ ಪನ್ವೇಲ್ ಸಮೀಪ ನವಿ ಮುಂಬೈ ವಿಮಾನ ನಿಲ್ದಾಣವೂ ಇದೆ. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ, ಡಿಸೆಂಬರ್ 25ರಿಂದ ಅಲ್ಲಿ ವಿಮಾನ ಸಂಚಾರ ಆರಂಭವಾಯಿತು. ಅದರ ಸಂಕೇತ ಎನ್‌ಎಂಐ. ಸಹಾರ್‌ನಿಂದ ಅಲ್ಲಿಗೆ ಸುಮಾರು ನಲವತ್ತು ಕಿಲೋಮೀಟರ್, ಅದೂ ಮುಂಬೈಯ ವಾಹನ ದಟ್ಟಣೆಯಲ್ಲಿ.

ಗೋವಾದಲ್ಲೂ ಹೀಗೆಯೇ. ದಾಬೋಲಿಮ್ ಜಿಒಐ, 2023ರ ಜನವರಿಯಿಂದ ಕಾರ್ಯಾಚರಿಸುತ್ತಿರುವ ಮೋಪಾ ಜಿಒಎಕ್ಸ್. ಒಂದು ದಕ್ಷಿಣಕ್ಕೆ, ಇನ್ನೊಂದು ಉತ್ತರದ ತುದಿಗೆ. ದುಬೈಯಲ್ಲಿ ಡಿಎಕ್ಸ್‌ಬಿ ಎಂದರೆ ನಗರದೊಳಗಿನ ಹಳೆಯ ನಿಲ್ದಾಣ, ಡಿಡಬ್ಲ್ಯೂಸಿ ಎಂದರೆ ಜಬಲ್ ಅಲಿ ಕಡೆಯ ಅಲ್ ಮಕ್ತೂಮ್ ನಿಲ್ದಾಣ. ಪಕ್ಕದಲ್ಲೇ ಶಾರ್ಜಾ ನಿಲ್ದಾಣ ಬೇರೆ. ಆದ್ದರಿಂದ ಟಿಕೆಟ್ ಮಾಡಿಸುವಾಗ ಇಳಿಯುವ ಮತ್ತು ಏರುವ ನಿಲ್ದಾಣಗಳ ಮೂರು ಅಕ್ಷರಗಳು ಒಂದೇ ಆಗಿವೆಯೇ ಎಂದು ನೋಡಿ. ಒಂದೇ ಆಗಿದ್ದರೂ ಟರ್ಮಿನಲ್ ಯಾವುದೆಂದು ಕೇಳಿ. ಜೊತೆಗೆ ಹಿರಿಯರಿದ್ದರೆ, ಸಾಧ್ಯವಾದಷ್ಟು ಮಟ್ಟಿಗೆ ಒಂದೇ ನಿಲ್ದಾಣದಲ್ಲಿ ಬದಲಾಯಿಸುವ ಟಿಕೆಟನ್ನೇ ಆರಿಸಿ. ಎರಡು ಮೂರು ಸಾವಿರ ರೂಪಾಯಿ ಉಳಿಸಲು ಹೋಗಿ ಹೆತ್ತವರನ್ನು ಬಳಲಿಸುವುದು ಯಾವ ಲಾಭ?

ಹೊರಗೆ ಬರಬೇಕೆಂದರೆ ವೀಸಾ ಬೇಕು

ಒಂದೇ ನಿಲ್ದಾಣದೊಳಗೆ ವಿಮಾನ ಬದಲಾಯಿಸುವವರು ಸಾಮಾನ್ಯವಾಗಿ ಆ ದೇಶವನ್ನು ಪ್ರವೇಶಿಸಬೇಕಾಗಿಲ್ಲ. ನಿಲ್ದಾಣವೇ ಬದಲಾದರೆ ಹಾಗಲ್ಲ. ಇಮಿಗ್ರೇಶನ್ ದಾಟಬೇಕು, ಬೆಲ್ಟಿನಲ್ಲಿ ಬರುವ ಸಾಮಾನು ತೆಗೆದುಕೊಳ್ಳಬೇಕು, ಟ್ಯಾಕ್ಸಿ ಹಿಡಿಯಬೇಕು, ಮತ್ತೆ ಹೊಸದಾಗಿ ಸಾಮಾನು ಒಪ್ಪಿಸಿ ತಪಾಸಣೆಗೆ ನಿಲ್ಲಬೇಕು. ದುಬೈಯಲ್ಲಿ ಇಳಿದು ಶಾರ್ಜಾದಿಂದ ಜಿದ್ದಾಕ್ಕೆ ಹೋಗುವ ಟಿಕೆಟ್ ಅಗ್ಗವೆಂದು ಕಾಣಬಹುದು. ಆದರೆ ಅದಕ್ಕೆ ಯುಎಇ ವೀಸಾ ಬೇಕು. 48 ಮತ್ತು 96 ಗಂಟೆಗಳ ಟ್ರಾನ್ಸಿಟ್ ವೀಸಾಗಳಿವೆ. ಅವುಗಳನ್ನು ಅಲ್ಲಿನ ವಿಮಾನ ಸಂಸ್ಥೆಗಳ ಮೂಲಕ ಪ್ರಯಾಣಕ್ಕೆ ಮೊದಲೇ ಮಾಡಿಸಿಕೊಳ್ಳಬೇಕು.

ಇನ್ನೊಂದು ವಿಷಯ. ಎರಡು ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಎರಡನೇ ಸಂಸ್ಥೆ ಸಾಮಾನ್ಯವಾಗಿ ಹೊಣೆ ಹೊರುವುದಿಲ್ಲ. ಆದ್ದರಿಂದ ಮುಂದಿನದು ಅಂತಾರಾಷ್ಟ್ರೀಯ ವಿಮಾನವಾಗಿದ್ದರೆ ನಡುವೆ ಆರೇಳು ಗಂಟೆಯಾದರೂ ಇಟ್ಟುಕೊಳ್ಳಿ. ಅದಕ್ಕಿಂತಲೂ ಒಳ್ಳೆಯದೆಂದರೆ ಒಂದು ರಾತ್ರಿ ಬಂಧುಗಳ ಮನೆಯಲ್ಲೋ ಲಾಡ್ಜಿನಲ್ಲೋ ತಂಗುವುದು. ಎಪ್ಪತ್ತೈದರ ದೇಹಕ್ಕೆ ಬೇಕಾದುದು ಮಲಗಲು ಒಂದು ಮಂಚ, ಕುರ್ಚಿಯಲ್ಲಿ ತೂಕಡಿಸುವ ಏಳು ಗಂಟೆಯಲ್ಲ.

ನಡುದಾರಿಯಲ್ಲಿ ವೀಲ್‌ಚೇರ್ ಇಲ್ಲ

ವೀಲ್‌ಚೇರ್ ಕೇಳಿದ್ದೇವೆ, ಇನ್ನೇನು ಚಿಂತೆ ಎಂದುಕೊಳ್ಳುವವರು ಹೆಚ್ಚು. ಆದರೆ ನಿಲ್ದಾಣದ ವೀಲ್‌ಚೇರ್ ನಿಲ್ದಾಣದ ಬಾಗಿಲವರೆಗೆ ಮಾತ್ರ. ಅದನ್ನು ತಳ್ಳುವ ಹುಡುಗ ಟ್ಯಾಕ್ಸಿ ನಿಲ್ಲುವಲ್ಲಿ ಸಲಾಂ ಹೇಳಿ ಹಿಂದಿರುಗುತ್ತಾನೆ. ಇನ್ನೊಂದು ನಿಲ್ದಾಣದ ವೀಲ್‌ಚೇರ್ ಸಿಗುವುದು ಅಲ್ಲಿನ ಕೌಂಟರ್ ತಲುಪಿದ ಮೇಲೆ. ನಡುವಿನ ದಾರಿ ಯಾರ ಜವಾಬ್ದಾರಿಯೂ ಅಲ್ಲ. ಅದು ನಿಮ್ಮದು ಮಾತ್ರ.

ಆದ್ದರಿಂದ ಎರಡೂ ಟಿಕೆಟ್‌ಗಳಲ್ಲಿ ಪ್ರತ್ಯೇಕವಾಗಿ ವೀಲ್‌ಚೇರ್ ನಮೂದಿಸಬೇಕು, ಅದೂ ಕನಿಷ್ಠ 48 ಗಂಟೆ ಮುಂಚೆ. ಅದರಲ್ಲೂ ಮೂರು ಬಗೆಗಳಿವೆ. ಮೆಟ್ಟಿಲು ಹತ್ತಬಲ್ಲ, ಆದರೆ ದೂರ ನಡೆಯಲಾರದವರಿಗೆ ಒಂದು. ಮೆಟ್ಟಿಲನ್ನೂ ಹತ್ತಲಾರದವರಿಗೆ ಇನ್ನೊಂದು. ಸೀಟಿನವರೆಗೂ ಕರೆದೊಯ್ಯಬೇಕಾದವರಿಗೆ ಮತ್ತೊಂದು. ‘ವೀಲ್‌ಚೇರ್ ಬೇಕು’ ಎಂದಷ್ಟೇ ಹೇಳದೆ ಹಿರಿಯರ ಸ್ಥಿತಿಯನ್ನು ವಿವರಿಸಿ. ಇಲ್ಲವಾದರೆ ವಿಮಾನದ ಏಣಿಯ ಕೆಳಗೆ ಕುರ್ಚಿ ಇರುತ್ತದೆ, ಏಣಿ ಇಳಿಯಲು ಉಮ್ಮನಿಗೆ ಆಗುವುದಿಲ್ಲ. ಇಬ್ಬರು ಹಿರಿಯರಿದ್ದರೆ ಎರಡು ಕುರ್ಚಿಗಳನ್ನೇ ಕೇಳಿ.

ಇದು ಸಣ್ಣ ವಿಷಯವಲ್ಲ. 2024ರ ಫೆಬ್ರವರಿ 12ರಂದು ನ್ಯೂಯಾರ್ಕ್‌ನಿಂದ ಮುಂಬೈಗೆ ಬಂದಿಳಿದ 80ರ ವೃದ್ಧರೊಬ್ಬರ ಸುದ್ದಿಯನ್ನು ಓದುಗರು ಮರೆತಿರಲಾರರು. ದಂಪತಿಗೆ ಸಿಕ್ಕಿದ್ದು ಒಂದೇ ವೀಲ್‌ಚೇರ್. ಅದರಲ್ಲಿ ಪತ್ನಿ ಕುಳಿತರು. ಇನ್ನೊಂದು ಬರುವವರೆಗೆ ಕಾಯದೆ ಪತ್ನಿಯ ಜೊತೆಗೇ ನಡೆದ ಅವರು ಇಮಿಗ್ರೇಶನ್ ಬಳಿ ಕುಸಿದು ಬಿದ್ದರು, ಬದುಕಲಿಲ್ಲ. ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯವು ಆ ವಿಮಾನ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ವಿಧಿಸಿತು. ದಂಡದಿಂದ ಜೀವ ಮರಳುವುದಿಲ್ಲ. ಕುರ್ಚಿ ಬರುವವರೆಗೆ ಸೀಟಿನಿಂದ ಏಳುವುದಿಲ್ಲ ಎಂದು ಹಿರಿಯರ ಪರವಾಗಿ ಮೃದುವಾಗಿ, ಆದರೆ ದೃಢವಾಗಿ ಹೇಳುವವರು ಜೊತೆಗಿರಬೇಕು.

ಬಾಯಿಬಿಟ್ಟು ಹೇಳದ ಸಂಕಟಗಳು

ನಮ್ಮ ಮನೆಯ ಹಿರಿಯ ಹೆಂಗಸರ ಸ್ವಭಾವ ನಿಮಗೆ ಗೊತ್ತು. ಶೌಚಾಲಯಕ್ಕೆ ಹೋಗಬೇಕೆಂದು ಅಪರಿಚಿತ ಹುಡುಗನ ಮುಂದೆ ಹೇಳಲು ಸಂಕೋಚ. ಹಾಗಾಗಿ ನೀರನ್ನೇ ಕುಡಿಯುವುದಿಲ್ಲ. ದಿನವಿಡೀ ನೀರು ಕುಡಿಯದಿದ್ದರೆ ತಲೆಸುತ್ತು, ಬಳಲಿಕೆ ಶುರು. ಮಧುಮೇಹಿಗಳಾಗಿದ್ದರೆ ಊಟ ತಪ್ಪಿ ಸಕ್ಕರೆ ಇಳಿಯುವ ಅಪಾಯವೂ ಇದೆ. ‘ಏನಾದರೂ ಬೇಕಾ ಉಮ್ಮಾ?’ ಎಂದು ಕೇಳಿದರೆ ‘ಏನೂ ಬೇಡ ಮಗಾ’ ಎಂಬುದೇ ಉತ್ತರ. ಆದ್ದರಿಂದ ಕೇಳುತ್ತಾ ಕೂರಬೇಡಿ. ವಿಮಾನದಿಂದ ಇಳಿದೊಡನೆ ಒಮ್ಮೆ, ಟ್ಯಾಕ್ಸಿ ಹತ್ತುವ ಮುನ್ನ ಒಮ್ಮೆ, ಮುಂದಿನ ನಿಲ್ದಾಣ ತಲುಪಿದಾಗ ಒಮ್ಮೆ ಶೌಚಾಲಯದತ್ತ ಕರೆದುಕೊಂಡೇ ಹೋಗಿ. ಹಿರಿಯ ಮಹಿಳೆಯೊಂದಿಗೆ ಮಗಳೋ ಸೊಸೆಯೋ ಇದ್ದರೆ ಹೆಚ್ಚು ಅನುಕೂಲ.

ಔಷಧಿಗಳು, ವೈದ್ಯರ ಚೀಟಿ, ಖರ್ಜೂರ, ಬಿಸ್ಕತ್ತು ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಸೂಟ್‌ಕೇಸಿಗೆ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು. ಕೆಲವು ನೋವು ನಿವಾರಕ ಮತ್ತು ನಿದ್ರೆಯ ಮಾತ್ರೆಗಳಿಗೆ ಗಲ್ಫ್ ದೇಶಗಳಲ್ಲಿ ಕಠಿಣ ನಿರ್ಬಂಧವಿದೆ. ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ. ಹಿರಿಯರ ಜೇಬಿನಲ್ಲಿ ಒಂದು ಚೀಟಿ ಇರಲಿ: ಹೆಸರು, ಕಾಯಿಲೆ, ಜೊತೆಗಿರುವವರ ಫೋನ್ ನಂಬರ್. ಜನಸಂದಣಿಯಲ್ಲಿ ವೀಲ್‌ಚೇರ್ ಬೇರೆ ಸಾಲಿನಲ್ಲಿ, ನೀವು ಬೇರೆ ಸಾಲಿನಲ್ಲಿ ಸಾಗಬೇಕಾದಾಗ ಆ ಚೀಟಿಯೇ ಆಸರೆ.

ನಮಾಝ್ ಮತ್ತು ಇಹ್ರಾಮ್

ಪ್ರಯಾಣಿಕನಿಗೆ ಶರೀಅತ್ ರಿಯಾಯಿತಿ ನೀಡಿದೆ. ನಾಲ್ಕು ರಕಅತ್‌ನ ಫರ್ಝ್ ನಮಾಝ್‌ಗಳನ್ನು ಎರಡಾಗಿ ನಿರ್ವಹಿಸಬಹುದು. ಶಾಫಿಈ ಮದ್‌ಹಬ್‌ನ ಪ್ರಕಾರ ಳುಹರ್ ಮತ್ತು ಅಸರ್, ಮಗ್ರಿಬ್ ಮತ್ತು ಇಶಾವನ್ನು ಒಂದೇ ಸಮಯದಲ್ಲಿ ಜೋಡಿಸಲೂಬಹುದು. ಹನಫಿ ಮದ್‌ಹಬ್‌ನವರು ಆಯಾ ಸಮಯದಲ್ಲೇ ನಿರ್ವಹಿಸುತ್ತಾರೆ. ನಿಲ್ಲಲಾಗದವರು ಕುಳಿತು ನಮಾಝ್ ಮಾಡಲಿ. ಕಾಲೆತ್ತಿ ತೊಳೆಯಲು ಕಷ್ಟಪಡುವವರು ಮನೆಯಲ್ಲೇ ವುಝೂ ಮಾಡಿ ಚರ್ಮದ ಖುಫ್ ಧರಿಸಿದರೆ, ಪ್ರಯಾಣಿಕರು ಮೂರು ದಿನಗಳವರೆಗೆ ಅದರ ಮೇಲೆ ಒದ್ದೆ ಕೈ ಸವರಿದರೆ ಸಾಕು. ಆದರೆ ಇಹ್ರಾಮ್‌ನಲ್ಲಿರುವ ಪುರುಷರು ಖುಫ್ ಧರಿಸುವಂತಿಲ್ಲ.

ನೇರವಾಗಿ ಉಮ್ರಾಕ್ಕೆ ಹೊರಟವರು ವಿಮಾನ ಮೀಖಾತ್ ದಾಟುವ ಮುನ್ನ ಇಹ್ರಾಮ್‌ನ ನಿಯ್ಯತ್ ಮಾಡಿರಬೇಕು. ಹಾಗಾಗಿ ಇಹ್ರಾಮ್‌ನ ವಸ್ತ್ರಗಳು ಸೂಟ್‌ಕೇಸಿನಲ್ಲಿರದೆ ಕೈಚೀಲದಲ್ಲಿರಲಿ. ಮನೆಯಿಂದಲೇ ಉಟ್ಟು ಎಸಿಯ ಚಳಿಯಲ್ಲಿ ದಿನವಿಡೀ ನಡುಗುವ ಬದಲು, ಎರಡನೇ ನಿಲ್ದಾಣದಲ್ಲಿ ಸಾಮಾನು ಒಪ್ಪಿಸಿ ನಿರಾಳವಾದ ಮೇಲೆ ಹಿರಿಯರಿಗೆ ಉಡಿಸಬಹುದು.

ರೆಕ್ಕೆ ತಗ್ಗಿಸುವ ಸಮಯ

ಹೆತ್ತವರು ವೃದ್ಧಾಪ್ಯ ತಲುಪಿದಾಗ ಅವರ ಮುಂದೆ ‘ಛೆ’ ಎಂಬ ಉದ್ಗಾರವೂ ಹೊರಡಬಾರದೆಂದು ಪವಿತ್ರ ಕುರ್‌ಆನ್ ಕಲಿಸಿದೆ. ಕರುಣೆಯಿಂದ ವಿನಯದ ರೆಕ್ಕೆಯನ್ನು ತಗ್ಗಿಸಲು ಹೇಳಿದೆ. ಈ ಪಾಠದ ಪರೀಕ್ಷೆ ನಡೆಯುವುದು ಮನೆಯ ಸೋಫಾದ ಮೇಲಲ್ಲ. ವಿಮಾನಕ್ಕೆ ಹೊತ್ತಾಗಿದೆ, ಟ್ಯಾಕ್ಸಿ ಸಿಗುತ್ತಿಲ್ಲ, ಅಷ್ಟರಲ್ಲಿ ಅಜ್ಜ ಪಾಸ್‌ಪೋರ್ಟ್ ಎಲ್ಲಿದೆಯೆಂದು ನಾಲ್ಕನೇ ಬಾರಿ ಕೇಳುತ್ತಾರೆ. ಆಗ ನಮ್ಮ ನಾಲಗೆ ಏನು ಹೇಳುತ್ತದೆ? ಬಾಲ್ಯದಲ್ಲಿ ನಾವು ಒಂದೇ ಪ್ರಶ್ನೆಯನ್ನು ನಲವತ್ತು ಬಾರಿ ಕೇಳಿದಾಗ ಅವರು ನಗುತ್ತಲೇ ಉತ್ತರಿಸಿದ್ದರು.

ಸಮಯವನ್ನು ಧಾರಾಳವಾಗಿ ಇಟ್ಟುಕೊಂಡವನಿಗೆ ಸಹನೆ ಸುಲಭ. ಆದ್ದರಿಂದ ಟಿಕೆಟ್ ಮಾಡಿಸುವ ದಿನವೇ ಹೆತ್ತವರ ಸೇವೆ ಆರಂಭವಾಗುತ್ತದೆ. ನಮ್ಮ ಹಿರಿಯರ ಪಯಣವನ್ನು ಅಲ್ಲಾಹನು ಸುಗಮಗೊಳಿಸಲಿ, ಅವರ ಸೇವೆಯ ಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.