ಮನೆ ಕದಲಲಿಲ್ಲ, ವಿಳಾಸ ಬದಲಾಯಿತು

ನಮ್ಮಪ್ಪ ಹುಟ್ಟಿದ್ದು 1934ರಲ್ಲಿ. ಆಗ ನಮ್ಮ ರಾಯದುರ್ಗ ತಾಲೂಕು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 2018ರಲ್ಲಿ ಕಣ್ಣು ಮುಚ್ಚಿದ್ದೂ ಅದೇ ಮನೆಯ ಪಡಸಾಲೆಯಲ್ಲೇ. ಅಷ್ಟರೊಳಗೆ ಆ ಮನೆ ಮೂರು ರಾಜ್ಯ ಕಂಡಿತ್ತು.

ಪೊಟ್ಟಿ ಶ್ರೀರಾಮುಲು ಮದರಾಸಿನಲ್ಲಿ ಉಪವಾಸ ಕೂತು 1952ರ ಡಿಸೆಂಬರ್ 15ರಂದು ಪ್ರಾಣ ಬಿಟ್ಟರು. ಮರುವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾಯಿತು, ಕರ್ನೂಲು ರಾಜಧಾನಿ. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಬಳ್ಳಾರಿ ಮೈಸೂರಿಗೆ. ಬಳ್ಳಾರಿ ಕಡೆಗೆ ಕೊಟ್ಟಿದ್ದ ನಮ್ಮ ಸೋದರತ್ತೆ ಬೆಳಗಾಗುವುದರೊಳಗೆ ಬೇರೆ ರಾಜ್ಯದವರಾದರು. ಪಂಚಮಿಗೆ ಕರೆಯೋಕೆ ಹೋಗೋ ಬಂಡಿ ಮಾತ್ರ ನಿಲ್ಲಲಿಲ್ಲ. ಹತ್ತಿರದ ಬಳ್ಳಾರಿ ಬಿಟ್ಟು ಜಿಲ್ಲಾ ಕೆಲಸಕ್ಕೆ ಅನಂತಪುರಕ್ಕೆ ಅಲೆಯೋದೇ ಅಪ್ಪನಿಗೆ ಬೇಸರ. 1956ರಲ್ಲಿ ಆಂಧ್ರಪ್ರದೇಶವಾಗಿ ರಾಜಧಾನಿ ಹೈದರಾಬಾದಿಗೆ ಹೋಯಿತು. ಅಲ್ಲಿಗೆ ಅವರು ಹೋದದ್ದೇ ಇಲ್ಲ. 1973ರಲ್ಲಿ ಮೈಸೂರು ಕರ್ನಾಟಕವಾದಾಗ ಅತ್ತೆಯ ವಿಳಾಸವೂ ಬದಲಾಯಿತು.

ಇದೆಲ್ಲಕ್ಕಿಂತ 1957ರ ಏಪ್ರಿಲ್ 1ರಂದು ಬಂದ ನಯಾ ಪೈಸೆಯನ್ನೇ ಅಪ್ಪ ಹೆಚ್ಚು ನೆನೆಸುತ್ತಿದ್ದರು. ರೂಪಾಯಿಗೆ 16 ಆಣೆ ಹೋಗಿ 100 ಪೈಸೆ. ನಾಲ್ಕಾಣೆಗೆ 25, ಸರಿ. ಒಂದಾಣೆಗೆ ಆರೂಕಾಲು! "ಆ ಕಾಲು ಪೈಸೆ ಎಲ್ಲಿಗೆ ಹೋಯ್ತು? ನಾವು ಕೊಳ್ಳೋವಾಗ ಆಣೆಗೆ ಏಳು ಅಂದರು, ಮಾರೋವಾಗ ಆರು ಅಂದರು" ಎನ್ನುತ್ತಿದ್ದರು. ವ್ಯಾಪಾರಸ್ಥರು ಕ್ಷಮಿಸಬೇಕು, ಇದು ರೈತನ ಲೆಕ್ಕ.

ನಿಜವಾದ ತೊಡಕು ಬಂದದ್ದು ತೊಂಬತ್ತರ ದಶಕದಲ್ಲಿ, ಪಟ್ಟಾದಾರು ಪಾಸ್‌ಬುಕ್ಕಿಗೆ ಅರ್ಜಿ ಹಾಕಿದಾಗ. ತಾತ ಶೇಂಗಾ ಹೊಲ ಕೊಂಡ 1951ರ ಕ್ರಯಪತ್ರ ಕನ್ನಡದಲ್ಲಿತ್ತು. ತಲೆಯಲ್ಲಿ 'ಮದರಾಸು ರಾಜ್ಯ, ಬಳ್ಳಾರಿ ಜಿಲ್ಲೆ'. ನೆರೆಹೊಲದವರು ಬದು ಒತ್ತಿದ್ದರು, ನಮ್ಮ ಚೆಕ್ಕುಬಂದಿಗೆ ಇದ್ದ ಆಧಾರ ಅದೊಂದೇ ಕಾಗದ. 1984ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕರಣಂ ಹುದ್ದೆಯನ್ನೇ ತೆಗೆದಿತ್ತು. ಕರಣಂಗಳ ದರ್ಬಾರು ಹೋದದ್ದು ಒಳ್ಳೆಯದೇ, ಆದರೆ ಎರಡೂ ಭಾಷೆ ಬಲ್ಲ ನಮ್ಮೂರ ಹಳೇ ಕರಣಂ ಇದ್ದಿದ್ದರೆ ಒಂದು ಗಳಿಗೆಯ ಕೆಲಸ. ಕಚೇರಿಯ ಗುಮಾಸ್ತ ಕಾಗದ ತಿರುಗಿಸಿ ನೋಡಿ, "ಇದೇಮಿ ಪೆದ್ದಾಯನಾ! ಅಕ್ಷರಾಲು ಮನವೇ, ಮಾಟಲು ಮನವಿ ಕಾವು" ಅಂದ.

ಅಪ್ಪ ಅಲ್ಲೇ ನಿಂತು ಕನ್ನಡದಲ್ಲಿ ಒಂದು ಸಾಲು ಓದೋದು, ತೆಲುಗಿನಲ್ಲಿ ಹೇಳೋದು. ಮೂಡಲಿಗೆ ಹಳ್ಳ, ಪಡುವಲಿಗೆ ಬಂಡಿದಾರಿ, ತೆಂಕಲಿಗೆ ಹುಣಸೆಮರ. ನಾನು ಪಕ್ಕದಲ್ಲಿ ಕೂತು ತೆಲುಗಿನಲ್ಲಿ ಬರೆದೆ. ಎರಡು ಭಾಷೆಯಲ್ಲೂ ಪದ್ಯ ಕಟ್ಟೋ ಚಟ ನನಗೆ. ಅಷ್ಟು ಎಚ್ಚರದಿಂದ ಯಾವ ಪದ್ಯವನ್ನೂ ಬರೆದಿಲ್ಲ. ಎರಡು ತಿಂಗಳು ಅಲೆಸಿ ಪಾಸ್‌ಬುಕ್ ಕೊಟ್ಟರು. ಬದು ಹಿಂದಕ್ಕೆ ಸರಿಯಿತು.

2014ರ ಜೂನ್ 2ರಂದು ತೆಲಂಗಾಣ ಬೇರೆಯಾದಾಗ ಟಿವಿ ಮುಂದೆ ಕೂತಿದ್ದ ಅಪ್ಪ, "ಕಾಗದ ಮತ್ತೆ ಬರೆಸಬೇಕೇನೋ?" ಅಂದರು. ಬೇಡಪ್ಪಾ, ನಾವು ಆಂಧ್ರದಲ್ಲೇ ಉಳಿದ್ವಿ ಅಂದೆ.

ಕ್ರಯಪತ್ರ ಈಗಲೂ ತಗಡಿನ ಪೆಟ್ಟಿಗೆಯಲ್ಲಿದೆ. ನನ್ನ ಮಗ ಓದಿದ್ದು ತೆಲುಗು, ಇಂಗ್ಲಿಷು. ಹೋದ ವಾರ ಕೂರಿಸಿಕೊಂಡು ಮೊದಲ ಪುಟ ಓದಿಸಿದೆ. ತಲಕಟ್ಟು ಗುರುತು ಹಿಡಿಯುತ್ತಾನೆ. 'ಮೂಡಲು' ಅಂದರೇನು ಎಂದು ಕೇಳಿದ. ತೂರ್ಪು ಅಂದೆ.